ಹೊಂಡುರಾಸಿನ ಕೋಳಿ

ರಾಜಗೋಪಾಲನಗರದ ನಮ್ಮ ಬಾಡಿಗೆ ಮನೆಯಲ್ಲಿ ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ದೊಡ್ಡ ಕೋಣೆ ಮಷೀನಿಗೆ, ಸಣ್ಣ ಕೋಣೆ ನಾಲ್ಕು ಜನರಿಗೆ. ಈ ಹಂಚಿಕೆಯ ಬಗ್ಗೆ ಅಮ್ಮ ದಿನಕ್ಕೊಮ್ಮೆ ತಕರಾರು ತೆಗೆಯುತ್ತಿದ್ದಳು, ಅಪ್ಪ ದಿನಕ್ಕೊಮ್ಮೆ ‘ಮುಂದಿನ ವರ್ಷ ನೋಡೋಣ’ ಅನ್ನುತ್ತಿದ್ದ. ಮಷೀನು ಅಂದರೆ ಬಟ್ಟೆಯ ಮೇಲೆ ಬಣ್ಣದ ನೂಲಿನಿಂದ ಚಿತ್ರ ಹೊಲಿಯುವ ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನು. ಪೀಣ್ಯದ ಒಂದು ಗಾರ್ಮೆಂಟ್ಸ್ ಕಂಪನಿ ಹೊರದೇಶಕ್ಕೆ ಕಳಿಸುವ ಅಂಗಿಗಳಿಗೆ ಬ್ಯಾಡ್ಜು ಹೊಲಿದುಕೊಡುವುದು ಅಪ್ಪನ ಕಸುಬು. ಅದು ಓಡಲು ಶುರುವಾದರೆ ಗೋಡೆಯ ಸ್ಟ್ಯಾಂಡಿನ ಲೋಟಗಳು ಒಂದೊಂದೇ ಅಂಚಿಗೆ ನಡೆದು ಬರುತ್ತಿದ್ದವು. ಹಾದುಹೋಗುವವರು ಅವನ್ನು ಬೆರಳಿನಿಂದ ಹಿಂದಕ್ಕೆ ತಳ್ಳಿ ಹೋಗಬೇಕು. ಸಾರಿನಲ್ಲಿ ಕೆಂಪು ನೂಲು, ಮುದ್ದೆಯಲ್ಲಿ ಹಳದಿ ನೂಲು. ಕುಣಿಗಲ್ ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆಗಿದ್ದ ಅಜ್ಜಿ, ಅಪ್ಪನ ತಾಯಿ, ಊಟಕ್ಕೆ ಕೂತಾಗ ಮೊದಲು ತಟ್ಟೆಯನ್ನು ಬೆಳಕಿಗೆ ಹಿಡಿದು ನೂಲು ಹೆಕ್ಕಿ, ಆಮೇಲೆ ಕೈ ಹಾಕುತ್ತಿದ್ದಳು. ಶಾಲೆಯಲ್ಲಿ ನನ್ನ ತಲೆಯಿಂದ ಹುಡುಗಿಯರು ನೂಲಿನ ಎಳೆ ಕೀಳದ ದಿನವಿರಲಿಲ್ಲ. ಇಷ್ಟನ್ನೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಶುರುವಾದದ್ದು ಆ ಹಕ್ಕಿ ಬಂದ ಮೇಲೆ.

ನಾನಾಗ ಆರನೇ ಕ್ಲಾಸು. ಕಂಪನಿಯ ಪ್ರಸಾದ್ ಸಾರ್ ಒಂದು ಹೊಸ ಡ್ರಾಯಿಂಗ್ ತಂದುಕೊಟ್ಟರು. ಆರ್ಡರುಗಳನ್ನು ಹಂಚುವವರು, ವಾಪಸು ಪಡೆಯುವವರು, ಸರಿಯಿಲ್ಲ ಅಂತ ಬೈಯುವವರು ಎಲ್ಲ ಅವರೇ. ಡ್ರಾಯಿಂಗಿನಲ್ಲಿ ನೀಲಿ ಗುರಾಣಿ, ಅದರೊಳಗೆ ಕೆಂಪು ಹಕ್ಕಿ, ಮೇಲೆ ಸಾಲಾಗಿ ಐದು ನಕ್ಷತ್ರ. ಬೇರೆ ಯಾರಾದರೂ ಆಗಿದ್ದರೆ ಹೊಲಿದು ಕಳಿಸಿ ಕೈತೊಳೆದುಕೊಳ್ಳುತ್ತಿದ್ದರು. ಅಪ್ಪನಿಗೆ ಅದು ಆಗದು. ಇದಕ್ಕೆ ಮೊದಲು ಯಾವುದೋ ಹೋಟೆಲಿನ ಮುದ್ರೆ, ಯಾವುದೋ ಶಾಲೆಯ ಲಾಂಛನ ಹೊಲಿದಾಗಲೂ ಅದು ಏನು, ಎಲ್ಲಿಯದು ಅಂತ ತಿಳಿದುಕೊಳ್ಳದೆ ಅವನಿಗೆ ಊಟ ಸೇರುತ್ತಿರಲಿಲ್ಲ.

“ಏನು ಅಂತ ಗೊತ್ತಿಲ್ದೆ ಹೊಲಿಯೋದು, ಯಾರು ಅಂತ ಗೊತ್ತಿಲ್ದೆ ಮದ್ವೆಗೆ ಹೋಗಿ ಊಟ ಮಾಡಿ ಬಂದಂಗೆ ಕಣೇ,” ಅನ್ನುತ್ತಿದ್ದ.

“ಊಟ ಚೆನ್ನಾಗಿದ್ರೆ ಯಾರದಾದ್ರೇನು?” ಅಮ್ಮ ಕೇಳುತ್ತಿದ್ದಳು.

ಮಷೀನಿಗೆ ಡಿಸೈನು ತಯಾರಿಸಲು ಒಂದು ಹಳೆಯ ಕಂಪ್ಯೂಟರಿತ್ತು. ಆ ವರ್ಷ ಅದಕ್ಕೆ ಇಂಟರ್ನೆಟ್ಟೂ ಬಂತು, ನಮ್ಮ ಗ್ರಹಚಾರವೂ ಕೆಟ್ಟಿತು. ಮೂರು ದಿನ ಹುಡುಕಿ ಅಪ್ಪ ಪತ್ತೆಮಾಡಿದ. ಅದು ಅಮೆರಿಕಾ ಖಂಡದ ನಡು ಭಾಗದಲ್ಲಿರುವ ಹೊಂಡುರಾಸ್ ಎಂಬ ಸಣ್ಣ ದೇಶದ ಒಂದು ಫುಟ್‌ಬಾಲ್ ಕ್ಲಬ್ಬು. ಹೆಸರು ಜರಂದಾಲ್. ಹಕ್ಕಿ ಅವರ ಕಾಡಿನ ದೊಡ್ಡ ಪಂಚರಂಗಿ ಗಿಳಿ. ಅಮ್ಮ ಡ್ರಾಯಿಂಗನ್ನು ಒಂದು ಸಲ ನೋಡಿ ‘ಕೋಳಿ’ ಅಂದಳು. ಮುಂದೆ ಎಷ್ಟೇ ವಿವರಿಸಿದರೂ ಅವಳ ಪಾಲಿಗೆ ಅದು ಕೋಳಿಯೇ. ಕ್ಲಬ್ಬಿನ ಹೆಸರನ್ನು ನಾವು ಒಂದು ವರ್ಷ ಬರೆದಿದ್ದ ಹಾಗೇ ಜರಂದಾಲ್ ಅಂದೆವು. ಆಮೇಲೆ ಅಪ್ಪ ಅವರ ಭಾಷೆಯಲ್ಲಿ ಜ ಅನ್ನುವಲ್ಲಿ ಹ ಅನ್ನಬೇಕೆಂದು ಕಂಡುಹಿಡಿದು, ಮನೆಯಲ್ಲಿ ಯಾರೂ ಇನ್ನು ತಪ್ಪು ಹೇಳಕೂಡದೆಂದು ಅಪ್ಪಣೆ ಹೊರಡಿಸಿದ. ಅದು ‘ಹರಂದಾಲ್’. ಅಜ್ಜಿಯ ನಾಲಿಗೆಗೆ ಹಕಾರ ಹುಟ್ಟಿನಿಂದಲೇ ಇಲ್ಲ.

“ಅರಂದಾಲು,” ಅಂದಳು.

“ಅರಂದಾಲ್ ಅಲ್ಲಮ್ಮ, ಹ... ಹರಂದಾಲ್.”

“ಅದೇ ಕಣ್ಲಾ ನಾನೂ ಏಳಿದ್ದು, ಅರಂದಾಲು. ಒಂಡೂರಾಸ್ನಲ್ಲಿ ಐತಲ್ಲ, ಅದು.”

ಇದಾದ ಒಂದು ವಾರಕ್ಕೆ ಆ ದೇಶದವರು ತಮ್ಮ ದೇಶದ ಹೆಸರಿನಲ್ಲಿ ಹಕಾರವನ್ನು ಉಚ್ಚರಿಸುವುದೇ ಇಲ್ಲ, ಒಂಡುರಾಸ್ ಎಂದೇ ಅನ್ನುತ್ತಾರೆ ಅಂತ ಅಪ್ಪ ಎಲ್ಲೋ ಓದಿದ. ಏನೂ ಓದದ ಅಜ್ಜಿ ಸರಿಯಾಗಿ ಹೇಳುತ್ತಿದ್ದಳು, ತಾನು ತಪ್ಪು ಹೇಳುತ್ತಿದ್ದೆ ಎಂಬುದನ್ನು ಅರಗಿಸಿಕೊಳ್ಳಲು ಅವನಿಗೆ ಎರಡು ದಿನ ಬೇಕಾಯಿತು. ಆ ಎರಡು ದಿನ ಮನೆ ನೆಮ್ಮದಿಯಾಗಿತ್ತು.

ಆಮೇಲೆ ಚರಿತ್ರೆ ಶುರುವಾಯಿತು. ಆ ಕ್ಲಬ್ಬಿನ ಬಗ್ಗೆ ಇದ್ದದ್ದೆಲ್ಲ ಸ್ಪ್ಯಾನಿಷಿನಲ್ಲಿ. ಅದನ್ನು ಕಂಪ್ಯೂಟರು ಒಂದು ಥರದ ಇಂಗ್ಲಿಷಿಗೆ ತಿರುಗಿಸುತ್ತಿತ್ತು. ಆ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುವುದು ಶಾಲೆಯಿಂದ ಬಂದ ನನ್ನ ಕೆಲಸ. ನನಗೆ ಹೋಂವರ್ಕ್ ಇದೆ ಅಂದರೆ ‘ಇದೂ ಓದೇ ತಾನೆ’ ಅನ್ನುತ್ತಿದ್ದ. ಒಂದು ಸಲ ಕಂಪ್ಯೂಟರು, ‘ಗೋಲ್‌ಕೀಪರು ಹಾಡಿದ್ದರಿಂದ ಪಂದ್ಯ ಸೋತಿತು’ ಎಂದು ಬರೆಯಿತು. ಕೀಪರು ಚೆಂಡನ್ನು ಕೈಚೆಲ್ಲಿದ ಎನ್ನುವುದಕ್ಕೆ ಅವರ ಮಾತಿನ ಒಂದು ವರಸೆ ಅದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಮಾತ್ರ ಅಪ್ಪ ಊಟದ ನಡುವೆ ತುತ್ತು ಕೆಳಗಿಟ್ಟು ಬಹಳ ನೋವಿನಿಂದ, ಅಂಥ ದೊಡ್ಡ ಪಂದ್ಯದಲ್ಲಿ ಮನುಷ್ಯ ಹಾಡಬಹುದಾ ಅಂತ ನಮ್ಮನ್ನೆಲ್ಲ ಕೇಳಿದ. ಅಜ್ಜಿಯೂ ಮರುಗಿದಳು.

“ಆಡು ಏಳ್ಕಂಡು ನಿಂತ್ಕಂಡ್ರೆ ಇನ್ನೇನಾಯ್ತದೆ ಮಗ? ಬಾಲು ಒಳೀಕ್ಕೇ ಓಯ್ತದೆ.”

ಹೀಗೆ ಉಪ್ಸಾರು ಮುದ್ದೆಯ ಜೊತೆ, ಹುರುಳಿಕಾಳಿನ ಜೊತೆ, ಹಬ್ಬದ ದಿನ ಒಬ್ಬಟ್ಟಿನ ಜೊತೆಗೂ ನಾವು ಹರಂದಾಲಿನ ಚರಿತ್ರೆ ತಿಂದೆವು. ಹಡಗಿಗೆ ಬಾಳೆಗೊನೆ ತುಂಬುವ ಕೂಲಿಗಳೂ ಒಬ್ಬ ಮೇಷ್ಟ್ರೂ ಸೇರಿ ಕಟ್ಟಿದ್ದು. ಮೊದಲ ಪಂದ್ಯದಲ್ಲಿ ಗಿಳಿಯೊಂದು ಬಂದು ಗೋಲಿನ ಕಂಬದ ಮೇಲೆ ಕೂತಿತ್ತಂತೆ, ಅದಕ್ಕೇ ಆ ಗುರುತು. ಒಂದೊಂದು ನಕ್ಷತ್ರವೂ ದೇಶದ ಚಾಂಪಿಯನ್ ಆದ ಒಂದೊಂದು ಸಲದ ಲೆಕ್ಕ. ಮೊದಲನೆಯದಕ್ಕೆ ಒಂದು ತಲೆಮಾರೇ ಕಾಯಬೇಕಾಯಿತು; ಗೆದ್ದ ಮೇಲೆ ಮಾರನೇ ವರ್ಷ ಮತ್ತೆ ಗೆದ್ದರು; ಆಮೇಲೆ ಎಂಥ ಕೇಡು ಹಿಡಿಯಿತೆಂದರೆ ಕೆಳಗಿನ ದರ್ಜೆಗೆ ಬಿದ್ದುಹೋದರು. ಅಲ್ಲಿಂದ ಎದ್ದು ಬಂದು ಮೂರನೆಯದು. ಚಂಡಮಾರುತಕ್ಕೆ ಅವರ ಮೈದಾನದ ಚಾವಣಿ ಹಾರಿಹೋಗಿ, ಮನೆಯಿಲ್ಲದವರ ಹಾಗೆ ಊರೂರು ಅಲೆದು ಆಡಿದ ವರ್ಷವೇ ನಾಲ್ಕನೆಯದು. ಈ ನಾಲ್ಕನೆಯದನ್ನು ಅಪ್ಪ ಪ್ರತಿ ಸಲವೂ ಎರಡೆರಡು ಬಾರಿ ಹೇಳುತ್ತಿದ್ದ. ಐದನೆಯದನ್ನು ಗೆದ್ದ ತಂಡ ಪಕ್ಕದ ದೇಶಗಳ ಕ್ಲಬ್ಬುಗಳನ್ನೂ ಸೋಲಿಸಿ ಇಡೀ ಮಧ್ಯ ಅಮೆರಿಕಾದ ಕಪ್ ತಂದಿತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಆರನೆಯದೂ ಬಂತು. ಡ್ರಾಯಿಂಗಿಗೆ ಇನ್ನೊಂದು ನಕ್ಷತ್ರ ಸೇರಿತು. ಅಪ್ಪ ಮಷೀನಿಗೆ ಕುಂಕುಮ ಇಟ್ಟು ಊದಿನಕಡ್ಡಿ ಹಚ್ಚಿ ಅದನ್ನು ಹೊಲಿದ. ಹೊಲಿಗೆ ಕೆಟ್ಟ ಬ್ಯಾಡ್ಜುಗಳು ಮನೆಯಲ್ಲೇ ಉಳಿಯುತ್ತಿದ್ದವು. ದಿಂಬಿನ ಮೇಲೆ ಕೋಳಿ, ಬಾಗಿಲ ಪರದೆಯ ಮೇಲೆ ಕೋಳಿ, ಅಜ್ಜಿಯ ಎಲೆಅಡಿಕೆ ಚೀಲದ ಮೇಲೆ ಕೋಳಿ. ನನ್ನ ಸ್ಕೂಲ್ ಬ್ಯಾಗಿನ ಮೇಲಿದ್ದದ್ದಕ್ಕೆ ಒಂದು ಕಣ್ಣಿರಲಿಲ್ಲ. ಕ್ಲಾಸಿನಲ್ಲಿ ನನ್ನ ಹೆಸರು ಸುಮಾ ಅಂತ ಮೇಷ್ಟರ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಅಲ್ಲಿಯ ಸಂಜೆ ಅಂದರೆ ನಮ್ಮ ಬೆಳಗ್ಗೆ. ಅವರ ಪಂದ್ಯ ಶುರುವಾಗುವುದು ನಮ್ಮ ಆರೂವರೆಗೆ. ನಮ್ಮ ಬೀದಿಯ ನಲ್ಲಿಗಳಲ್ಲಿ ಎರಡು ದಿನಕ್ಕೊಮ್ಮೆ ನೀರು ಬರುತ್ತಿದ್ದದ್ದೂ ಆರೂವರೆಗೇ. ಹೊಂಡುರಾಸಿನ ಯಾವುದೋ ರೇಡಿಯೋ ಕಂಪ್ಯೂಟರಿನಲ್ಲಿ ಕೇಳಿಸುತ್ತದೆ ಅಂತ ಗೊತ್ತಾದ ದಿನದಿಂದ ಅಮ್ಮನ ಬೆಳಗುಗಳು ಹಾಳಾದವು. ಅಪ್ಪನಿಗೆ ಆ ಭಾಷೆಯ ಒಂದು ಪದ ಬರುತ್ತಿರಲಿಲ್ಲ. ಆದರೂ ಕಿವಿ ಹಚ್ಚಿ ಕೂತು, ಹೇಳುವವನ ದನಿ ಏರಿದರೆ ತಾನೂ ಏಳುತ್ತಿದ್ದ, ಇಳಿದರೆ ಕೂರುತ್ತಿದ್ದ. ನಾನು ಎಂಟನೇ ಕ್ಲಾಸಿಗೆ ಬಂದ ವರ್ಷ ಅವರು ಮತ್ತೆ ಫೈನಲ್ಲಿಗೆ ಬಂದರು, ಆ ದಿನವೇ ನೀರು ತಡವಾಗಿ, ಪಂದ್ಯ ಮುಗಿಯುವ ಹೊತ್ತಿಗೆ ಬಂತು. ಮನೆಯ ನಲ್ಲಿಯ ಪೈಪನ್ನು ಡ್ರಮ್ಮಿನಿಂದ ಡ್ರಮ್ಮಿಗೆ ಬದಲಾಯಿಸುವುದು ಅಪ್ಪನ ಪಾಲಿನ ಕೆಲಸ. ಅಮ್ಮ ಹೊರಗೆ ಬಿಂದಿಗೆ ಹಿಡಿದು ಬೀದಿ ನಲ್ಲಿಯ ಸಾಲಿನಲ್ಲಿ ನಿಂತಿದ್ದಳು. ಪಂದ್ಯ ಸಮವಾಗಿ ಪೆನಾಲ್ಟಿಗೆ ಹೋಯಿತು. ಅಪ್ಪ ಪೈಪನ್ನು ಮೊದಲ ಡ್ರಮ್ಮಿನಲ್ಲಿ ಬಿಟ್ಟು ಒಳಗೆ ಓಡಿದವನು ಪ್ರಪಂಚವನ್ನೇ ಮರೆತ. ಡ್ರಮ್ಮು ತುಂಬಿ, ನೀರು ಅಡುಗೆಮನೆ ದಾಟಿ ಸಣ್ಣ ಕೋಣೆಗೆ ಹರಿದು, ಇನ್ನೂ ಮಡಿಸದ ಹಾಸಿಗೆಗಳನ್ನೆಲ್ಲ ತೋಯಿಸಿತು. ಅಜ್ಜಿ ಕೂಗಿಕೊಂಡದ್ದೂ, ಅಪ್ಪ ‘ಗೆದ್ವೀ’ ಅಂತ ಕಿರಿಚಿದ್ದೂ ಒಟ್ಟಿಗೇ ಆಯಿತು. ಅಮ್ಮ ಒಳಗೆ ಬಂದು ನೋಡಿದಾಗ ಅವಳ ಗಂಡ ಒದ್ದೆ ಕಂಬಳಿಯ ಮೇಲೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ.

“ಏಳು ಕಣೇ ಜಯಾ! ಏಳನೇದು!”

ಅಮ್ಮ ಬಿಂದಿಗೆಯನ್ನು ಕೆಳಗಿಟ್ಟಳು. “ಮೂರು ಡ್ರಮ್ಮು ಖಾಲಿ ಇದಾವೆ,” ಅಂದಳು. ಆಮೇಲೆ ನಾಲ್ಕು ದಿನ ಅವನ ಜೊತೆ ಮಾತಾಡಲಿಲ್ಲ. ಬೇಕಾದ್ದನ್ನೆಲ್ಲ ನನ್ನ ಮೂಲಕ ಹೇಳಿಸಿದಳು: ನಿಮ್ಮಪ್ಪನಿಗೆ ಹೇಳು ಊಟಕ್ಕೆ ಬರಬೇಕಂತೆ, ನಿಮ್ಮಪ್ಪನಿಗೆ ಹೇಳು ಗ್ಯಾಸ್ ಮುಗಿದಿದೆಯಂತೆ.

ಒಂದು ತಿಂಗಳು ಕಳೆದು ಹೊಸ ಆರ್ಡರು ಬಂತು. ಅದುವರೆಗೆ ನಮಗೆ ಬಂದ ಎಲ್ಲಕ್ಕಿಂತ ದೊಡ್ಡದು. ಅಪ್ಪ ಡ್ರಾಯಿಂಗ್ ಬಿಚ್ಚಿದವನು ಎದ್ದು ಬಾಗಿಲ ಬೆಳಕಿಗೆ ಹೋಗಿ ಮತ್ತೆ ನೋಡಿದ. ನಕ್ಷತ್ರ ಆರೇ ಇದ್ದವು. ತಕ್ಷಣ ಪ್ರಸಾದ್ ಸಾರಿಗೆ ಫೋನು ಮಾಡಿದ. ಅವರ ದನಿ ಪಕ್ಕದಲ್ಲಿ ಕೂತಿದ್ದ ನನಗೂ ಕೇಳುತ್ತಿತ್ತು.

“ನಂಜುಂಡಪ್ಪ, ಅಂಗಿ ತಗೊಳ್ಳೋ ಫಾರಿನ್ ಬೈಯರ್ ಅಪ್ರೂವ್ ಮಾಡಿರೋ ಡ್ರಾಯಿಂಗ್ ಅದು. ಹೆಂಗಿದ್ಯೋ ಹಂಗೆ ಮಾಡ್ರಿ.”

“ಸಾರ್, ಹೋದ್ ತಿಂಗಳು ಗೆದ್ದಿದಾರೆ. ಈಗ ಏಳಾಗ್ಬೇಕು. ಇದು ಹಳೇ ಡ್ರಾಯಿಂಗು. ಒಂದ್ಸಲ ಕೇಳಿ ನೋಡಿ ಸಾರ್.”

“ರೀ, ನಾನು ಅವರಿಗೆ ಮೇಲ್ ಹಾಕಿ, ನಮ್ ಎಂಬ್ರಾಯ್ಡರಿಯವರಿಗೆ ಡೌಟು ಬಂದಿದೆ ಅಂತ ಕೇಳ್ಲಾ? ನಿಮಗ್ಯಾಕ್ರೀ ಅವೆಲ್ಲ? ಹೊಲೀರಿ.”

ಅಮ್ಮನೂ ಅದೇ ಅಂದಳು. ಅಜ್ಜಿ ಕೂಡ, ಅವರು ಕೇಳಿದ್ದು ಕೊಡೋದು ಬಿಟ್ಟು ಇದೇನ್ಲಾ ನಿಂದು, ಅಂದಳು. ಅಪ್ಪ ನನ್ನಿಂದ ಕ್ಲಬ್ಬಿಗೇ ಇಂಗ್ಲಿಷಿನಲ್ಲಿ ಒಂದು ಇಮೇಲ್ ಬರೆಸಿದ. ‘ಮಾನ್ಯರೇ, ನಿಮ್ಮ ಏಳನೆಯ ವಿಜಯಕ್ಕೆ ಅಭಿನಂದನೆಗಳು, ನಕ್ಷತ್ರಗಳ ವಿಷಯದಲ್ಲಿ ಒಂದು ಸಂದೇಹ’ ಎಂದೆಲ್ಲ ನಾಲ್ಕು ಸಲ ತಿದ್ದಿಸಿದ. ಪರೀಕ್ಷೆ ಹತ್ತಿರವಿದ್ದ ನನಗೆ ಅಳು ಬರುವಷ್ಟು ಸಿಟ್ಟು. ಉತ್ತರ ಬರಲಿಲ್ಲ. ಆ ವಾರವೆಲ್ಲ ಸಣ್ಣ ಕೋಣೆಯಲ್ಲಿ ಬರೀ ಜಗಳ. ಕೊನೆಗೆ ಅಮ್ಮ, ಈ ಆರ್ಡರು ಕೈತಪ್ಪಿದರೆ ತಾನು ಗಾರ್ಮೆಂಟ್ಸಿಗೆ ಕೆಲಸಕ್ಕೆ ಹೋಗುತ್ತೇನೆ, ಮನೆ ನೀವೇ ನೋಡಿಕೊಳ್ಳಿ ಅಂದಳು. ಅಪ್ಪ ‘ಆಯ್ತು ಬಿಡು’ ಅಂದ. ಅದನ್ನು ನಾವು, ಆರು ನಕ್ಷತ್ರಕ್ಕೆ ಒಪ್ಪಿದ ಎಂದು ತಿಳಿದುಕೊಂಡೆವು. ಅವನು ಮಷೀನಿನ ಮುಂದೆ ಹದಿನೈದು ದಿನ ತಲೆಯೆತ್ತದೆ ಹೊಲಿದ. ನಾವ್ಯಾರೂ ಎಣಿಸಿ ನೋಡಲಿಲ್ಲ. ಮನೆತುಂಬ ವರ್ಷಗಟ್ಟಲೆ ಅದೇ ಹಕ್ಕಿ ಇದ್ದರೆ ಯಾರು ತಾನೆ ನೋಡುತ್ತಾರೆ?

ಬ್ಯಾಡ್ಜುಗಳನ್ನು ಇನ್ನೂ ಬಿಡಿಬಿಡಿಯಾಗಿ ಕತ್ತರಿಸಿರಲಿಲ್ಲ. ಅಗಲ ಬಟ್ಟೆಯ ಮೇಲೆ ಸಾಲುಸಾಲಾಗಿ ಹಾಗೇ ಸುತ್ತಿ ಕಳಿಸಿದ್ದ. ಮಾರನೇ ದಿನ ಮಧ್ಯಾಹ್ನ ಟೆಂಪೋದಲ್ಲಿ ಅಷ್ಟೂ ಸುರುಳಿಗಳು ವಾಪಸು ಬಂದವು. ಹಿಂದೆಯೇ ಬೈಕಿನಲ್ಲಿ ಪ್ರಸಾದ್ ಸಾರ್. ಬಾಗಿಲಲ್ಲೇ ನಿಂತು, ಬೀದಿಯವರೆಲ್ಲ ಕೇಳುವ ಹಾಗೆ ಬೈದರು. ನಾಲ್ಕು ದಿನ ಟೈಮು, ಅಷ್ಟರಲ್ಲಿ ಸರಿಮಾಡಿ ಕೊಡದಿದ್ದರೆ ಇನ್ನು ಈ ಮನೆಗೆ ಒಂದು ಗುಂಡಿಯ ಕೆಲಸವನ್ನೂ ತರುವುದಿಲ್ಲ ಅಂದರು. ಅವರು ಹೋದ ಮೇಲೆ ಅಮ್ಮ ಒಂದು ಸುರುಳಿಯನ್ನು ನೆಲದ ಮೇಲೆ ಬಿಚ್ಚಿ, ಬೆರಳಿಟ್ಟು ನಕ್ಷತ್ರ ಎಣಿಸಿದಳು. ಏಳಿದ್ದವು.

“ಆಯ್ತು ಬಿಡು ಅಂದ್ರಲ್ರೀ?”

“ಸುಳ್ಳು ಹೊಲಿಯೋಕೆ ಕೈ ಬರ್ಲಿಲ್ಲ ಜಯಾ.”

“ಅದು ಸುಳ್ಳಾ? ಯಾರೋ ಆಡೋದು, ಯಾರೋ ಗೆಲ್ಲೋದು. ಅವರಿಗೇ ಇಲ್ಲದ್ದು ನಿಮಗ್ಯಾಕ್ರೀ ಉರಿ?”

ಅಪ್ಪ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಅಮ್ಮ ಬ್ಲೇಡು, ಸೂಜಿ, ಚಿಮಟ ತಂದು ಮುಂದಿಟ್ಟುಕೊಂಡಳು. ಏಳನೆಯ ನಕ್ಷತ್ರವನ್ನು ಬಿಚ್ಚಲು ಶುರುಮಾಡಿದೆವು: ಅಮ್ಮ, ಅಜ್ಜಿ, ನಾನು. ಬಟ್ಟೆಯ ಹಿಂಬದಿಯಿಂದ ಬ್ಲೇಡಿನ ತುದಿಯಲ್ಲಿ ನೂಲು ಕೊಯ್ದು, ಮುಂದಿನಿಂದ ಒಂದೊಂದೇ ಎಳೆ ಕೀಳಬೇಕು. ಆತುರಪಟ್ಟರೆ ಬಟ್ಟೆಯೇ ಹರಿಯುತ್ತದೆ. ಅಜ್ಜಿಗೆ ಕಣ್ಣು ಕಾಣದು, ಕೈ ಅಂದಾಜಿನಲ್ಲೇ ಕೀಳುತ್ತಿದ್ದಳು. ನಾನು ಮೂರು ದಿನ ಶಾಲೆಗೆ ಹೋಗಲಿಲ್ಲ. ಮೊದಲ ದಿನ ಅಪ್ಪನ ಮೇಲಿನ ಸಿಟ್ಟಿಗೆ ಎಲ್ಲರಿಗಿಂತ ಚುರುಕಾಗಿ ಕಿತ್ತವಳು ನಾನೇ. ಅವನು ನೀರು ಕುಡಿಯಲು ಒಳಗೆ ಬಂದಾಗ ಬೇಕೆಂದೇ ಕಿತ್ತ ಹಳದಿ ನೂಲಿನ ಗುಡ್ಡೆಯನ್ನು ಕಾಲಿಗೆ ಸಿಗುವ ಹಾಗೆ ತಳ್ಳಿದೆ. ಅವನು ಅದನ್ನು ತುಳಿಯದೆ ದಾಟಿ ಹೋದ. ಎರಡನೇ ದಿನದ ಹೊತ್ತಿಗೆ ಆ ಚುರುಕು ಹೋಯಿತು. ಪೆನಾಲ್ಟಿಯ ದಿನ ಒದ್ದೆ ಕಂಬಳಿಯ ಮೇಲೆ ಕಿರಿಚಿದ್ದು ನನ್ನ ಕಿವಿಯಲ್ಲೇ ಇತ್ತು. ಏಳು ಗೆದ್ದದ್ದು ನಿಜ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೀಳುತ್ತಿದ್ದೆ. ಈಗ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ, ತಯಾರಾದ ಬಿಡಿಭಾಗಗಳ ಅಳತೆ ಸರಿಯಿದೆಯೇ ನೋಡಿ ಸಹಿ ಹಾಕುವ ಕೆಲಸದಲ್ಲಿದ್ದೇನೆ. ಡ್ರಾಯಿಂಗೇ ತಪ್ಪಿದೆ ಅಂತ ಎಷ್ಟೋ ಸಲ ಮೇಲಿನವರ ಜೊತೆ ಜಗಳವಾಡಿ, ನಿನಗ್ಯಾಕಮ್ಮ ಅವೆಲ್ಲ ಅನ್ನಿಸಿಕೊಂಡು ಬಂದಿದ್ದೇನೆ. ಮನೆಯಲ್ಲಿ ನನ್ನ ಗಂಡ ನನ್ನ ಬಗ್ಗೆ ತಲೆ ಚಚ್ಚಿಕೊಳ್ಳುವುದನ್ನು ನೋಡಿದರೆ ನನಗೆ ಅಮ್ಮನ ಮೇಲೆ ಮರುಕ ಬರುತ್ತದೆ. ಆದರೆ ಸಹಿ ಹಾಕಲು ಹೋದ ಕೈ ನಿಲ್ಲುವುದು ಆ ಮೂರು ದಿನಗಳಿಂದಾಗಿ.

ನಾಲ್ಕನೇ ದಿನ ಬೆಳಗ್ಗೆ ಬಟ್ಟೆ ಹೋಯಿತು. ಅಮ್ಮನ ಬೆರಳುಗಳಿಗೆಲ್ಲ ಬ್ಲೇಡಿನ ಗೀರು. ಅರಿಸಿನ ಹಚ್ಚಿಕೊಂಡು ಮಲಗಿದ್ದಳು. ಸಂಜೆ ಫೋನು ಬಂತು. ಅಪ್ಪ ಎತ್ತಿ ಕೇಳಿಸಿಕೊಂಡ, ‘ಸರಿ ಸಾರ್’ ಅಂದು ಇಟ್ಟ.

“ಏನಂತೆ?” ಅಮ್ಮ ಮಲಗಿದ್ದಲ್ಲಿಂದಲೇ ಕೇಳಿದಳು.

“ಬೈಯರ್ ಮೇಲ್ ಹಾಕಿದಾನಂತೆ. ಕಳಿಸಿದ್ದು ಹಳೇ ಡ್ರಾಯಿಂಗಂತೆ.” ಅಪ್ಪ ಲೋಟವೊಂದನ್ನು ಸ್ಟ್ಯಾಂಡಿನ ಅಂಚಿನಿಂದ ಹಿಂದಕ್ಕೆ ತಳ್ಳಿ ಹೇಳಿದ: “ಏಳು ಬೇಕಂತೆ.”

ಅಮ್ಮ ಎದ್ದು ಕೂತಳು. ಅವಳು ಕಿರುಚುತ್ತಾಳೆ ಅಂದುಕೊಂಡೆ, ಅಳುತ್ತಾಳೆ ಅಂದುಕೊಂಡೆ. ಅವಳು ಅರಿಸಿನದ ಬೆರಳುಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, ಅಪ್ಪನ ಮೇಲೆ ಹರಿಹಾಯ್ದಳು.

“ಮತ್ತೆ ನಾವು ಬಿಚ್ತಾ ಕೂತಿದ್ದಾಗ ನೀವ್ಯಾಕ್ರೀ ಸುಮ್ನೆ ಕೂತಿದ್ರಿ? ಬಿಚ್ಬೇಡ್ರೇ ಅಂತ ಗದರೋಕಾಗ್ಲಿಲ್ವಾ?”

“ಏಳು ಅಂತ ಮೊದ್ಲೇ ಹೇಳಿದ್ನಲ್ಲೇ!”

“ಇನ್ನೂ ಜೋರಾಗಿ ಹೇಳ್ಬೇಕಿತ್ತು!”

ಬಟ್ಟೆ ಮೂರನೇ ಸಲ ನಮ್ಮ ಮನೆಗೆ ಬಂತು. ಈ ಸಲದ ಕೆಲಸ ಮೊದಲಿನದಕ್ಕಿಂತ ನಾಜೂಕಿನದು. ಕಿತ್ತ ಜಾಗದಲ್ಲಿ ಸೂಜಿಯ ತೂತುಗಳು ಉಳಿದಿದ್ದವು. ಹೊಸ ನಕ್ಷತ್ರ ಅದರ ಮೇಲೆ ಕೂದಲೆಳೆ ಆಚೀಚೆ ಆಗದೆ ಕೂರಬೇಕು, ಇಲ್ಲದಿದ್ದರೆ ತೂತು ಕಾಣುತ್ತದೆ. ಅಪ್ಪ ಒಂದೊಂದು ಬ್ಯಾಡ್ಜನ್ನೂ ಚೌಕಟ್ಟಿಗೆ ಬಿಗಿದು, ಸೂಜಿಯನ್ನು ಕೈಯಿಂದ ಇಳಿಸಿ ಹಳೆಯ ತೂತಿಗೆ ಸರಿಹೋಯಿತೇ ನೋಡಿ, ಆಮೇಲೆ ಮಷೀನು ಬಿಡುತ್ತಿದ್ದ. ನಾನು ಶಾಲೆಯಿಂದ ಬಂದು ಬಟ್ಟೆಯ ಇನ್ನೊಂದು ಅಂಚು ಹಿಡಿದು ನಿಲ್ಲುತ್ತಿದ್ದೆ. ಆ ಒಂದು ವಾರದಲ್ಲಿ ಅವನು ಕ್ಲಬ್ಬಿನ ಮಾತೇ ಎತ್ತಲಿಲ್ಲ. ನಾನು ಹೇಳಿದ್ದೆನಲ್ಲ ಅಂತ ಮತ್ತೆ ಅನ್ನಲೂ ಇಲ್ಲ. ಅಂದುಬಿಟ್ಟಿದ್ದರೆ ನಮಗೆ ಹಗುರವಾಗುತ್ತಿತ್ತು.

ಕೆಲಸ ಮುಗಿದ ದಿನ ಸುರುಳಿಗಳನ್ನು ಒಯ್ಯಲು ಪ್ರಸಾದ್ ಸಾರ್ ತಾವೇ ಬಂದರು. ಎಂದಿನಂತೆ ಕುರ್ಚಿ ಎಳೆದುಕೊಂಡು ಕೂತು, ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ‘ಬೈಯರ್‌ಗಳ ಕಥೆನೇ ಇಷ್ಟು’ ಅಂದರು. ಅಮ್ಮ ಕಾಫಿ ಮಾಡಿ ತಂದಳು. ಆದರೆ ಲೋಟವನ್ನು ಕೊಡದೆ ಕೈಯಲ್ಲೇ ಹಿಡಿದು ನಿಂತಳು.

“ಎಷ್ಟು ನಕ್ಷತ್ರ ಸಾರ್?”

“ಏಳು ಮೇಡಂ.”

“ಯಾರು ಹೇಳಿದ್ದು?”

“ಬೈಯರ್ ಕಡೆಯಿಂದ ಮೇಲ್ ಬಂತಲ್ಲ ಮೇಡಂ.”

“ಅವರಿಗಿಂತ ಮುಂಚೆ?”

ಪ್ರಸಾದ್ ಸಾರ್ ನಕ್ಕರು. ಅಮ್ಮ ನಗಲಿಲ್ಲ. ಅವರು ಅಪ್ಪನ ಕಡೆ ನೋಡಿದರು, ಅಪ್ಪ ಸುರುಳಿ ಕಟ್ಟುವುದರಲ್ಲಿ ಮುಳುಗಿದ್ದ. ಅಜ್ಜಿ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ ಕಾದಳು.

“ಪೆನಾಲ್ಟಿಲಿ ಗೆದ್ದಿದ್ದು ಸಾರ್ ಅದು. ಕೊನೇ ಒದೆತದಲ್ಲಿ,” ಅಮ್ಮ ಹೇಳಿದಳು. “ನಮ್ಮನೇಲಿ ಎಲ್ಲಾರ್ಗೂ ಗೊತ್ತಿತ್ತು. ಮೊದ್ಲು ಹೇಳಿದ್ದು ಯಾರು?”

“ನಂಜುಂಡಪ್ಪನೋರು,” ಪ್ರಸಾದ್ ಸಾರ್ ಅಂದರು. ಅಲ್ಲಿಯವರೆಗೆ ಅವರ ಬಾಯಲ್ಲಿ ಅಪ್ಪ ಬರೀ ನಂಜುಂಡಪ್ಪ.

“ಬಾಗಿಲಲ್ಲಿ ನಿಂತು ಬೈದ್ರಲ್ಲ, ಅಷ್ಟೇ ಜೋರಾಗಿ ಹೇಳಿ.”

ಅಷ್ಟು ಜೋರಾಗಿ ಅವರು ಹೇಳಲಿಲ್ಲ, ಆದರೆ ಇನ್ನೊಂದು ಸಲ ಹೇಳಿದರು. ಅಮ್ಮ ಲೋಟ ಕೊಟ್ಟಳು. ಅವರು ಬಿಸಿಬಿಸಿಯನ್ನೇ ಕುಡಿದು, ಸುರುಳಿಗಳನ್ನು ಟೆಂಪೋಗೆ ಹಾಕಿಸಿಕೊಂಡು ಹೋದರು. ಕಟ್ಟುವ ಹಗ್ಗ ಕೈಯಲ್ಲಿ ಹಿಡಿದು ಅಪ್ಪ ಇನ್ನೂ ಅಲ್ಲೇ ನಿಂತಿದ್ದ. ಅವನ ಮುಖದಲ್ಲಿ ನಗು ಬರಲೋ ಬೇಡವೋ ಅಂತ ನೋಡುತ್ತಿತ್ತು.

“ನೀವೇನು ನಗೋದು ಬೇಡ,” ಅಮ್ಮ ಅಂದಳು. “ನನ್ನ ಬೆರಳು ನೋಡಿ. ನಿಮಗೆ ಕಾಫಿ ಇಲ್ಲ.”

ಅವಳು ಹೋಗಿ ಮೆಟ್ಟಿಲ ಮೇಲೆ ಕೂತಳು. ಅಪ್ಪ ಅಡುಗೆಮನೆಗೆ ಹೋದ. ಪಾತ್ರೆ ಬಿದ್ದ ಸದ್ದು, ಹಾಲು ಉಕ್ಕಿ ಒಲೆಯ ಮೇಲೆ ಸುಟ್ಟ ವಾಸನೆ. ಬಹಳ ಹೊತ್ತಿನ ಮೇಲೆ ಎರಡು ಲೋಟ ಹಿಡಿದು ಹೊರಗೆ ಬಂದು ಒಂದನ್ನು ಅವಳ ಪಕ್ಕದಲ್ಲಿಟ್ಟು, ಒಂದು ಮೆಟ್ಟಿಲು ಕೆಳಗೆ ಕೂತ. ಅಮ್ಮ ಲೋಟ ಎತ್ತಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಅವನು ಸಕ್ಕರೆಯನ್ನೇ ಹಾಕಿರಲಿಲ್ಲ. ಉಪ್ಪು ಒಂದು ಹರಳು ಕಮ್ಮಿಯಾದರೂ ಬಿಡದ ನನ್ನಮ್ಮ, ಒಂದು ಮಾತೂ ಆಡದೆ, ಅಷ್ಟನ್ನೂ ಕುಡಿದು ಮುಗಿಸಿದಳು.